ಮ್ಯಾನಿಫೋಲ್ಡಿನ ಬಾಯಲ್ಲಿ ರೊಟ್ಟಿ ಅರಿವೆ

ಅತ್ತಿ ಆ ಕರಿ ಅರಿವೆಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದಳು. ಆಮೇಲೆ ಇನ್ನೊಂದು ಸಲ ಎಳೆದಳು. ಸಂತೆಯಲ್ಲಿ ಪೇರಲ ಹಣ್ಣು ಆರಿಸುವವರು ಹೀಗೆ ಮಾಡುವುದನ್ನು ನೋಡಿದ್ದೇನೆ. ಎಂಜಿನ್ನಿನಿಂದ ತೆಗೆದ ಚಿಂದಿಗೆ ಯಾರೂ ಮಾಡಿದ್ದನ್ನು ಕಂಡಿರಲಿಲ್ಲ.

"ಲೇ ನಂದೀಶ, ನೀನೂ ಮೂಸು."

ಮೂಸಿದೆ. ತಲೆ ಗಿರ್ರೆಂದಿತು. ನನ್ನ ಫೋಟೋ ಸ್ಟುಡಿಯೋ ನೆಟ್ಟಗೆ ನಡೆದಿದ್ದರೆ ಗುರುವಾರ ಮುಂಜಾನೆ ಶಿರಹಟ್ಟಿಯ ಗ್ಯಾರೇಜಿನಲ್ಲಿ ನಿಂತು ಕಂಡವರ ಗಾಡಿಯ ಚಿಂದಿ ಮೂಸುವ ಕರ್ಮ ನನಗೆ ಬರುತ್ತಿರಲಿಲ್ಲ. ಆದರೆ ಜನ ತಮ್ಮ ಫೋಟೋ ತಾವೇ ತೆಗೆದುಕೊಳ್ಳಲು ಶುರು ಮಾಡಿದರು, ನಾನು ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ನೀಲಗಂಗವ್ವನ ಪತ್ತೇದಾರಿ ಕಚೇರಿಯ ಏಕೈಕ ನೌಕರನಾದೆ. ಈ ಅತ್ತಿಯೇ ಅವಳು, ನನ್ನ ಅಪ್ಪನ ತಂಗಿ. ಹಾಗಾಗಿ ರಾಜೀನಾಮೆ ಕೊಡುವ ದಾರಿಯೂ ಇಲ್ಲ.

"ಏನ್ ವಾಸನಿ ಬಂತು?"

"ಡೀಸೆಲ್."

"ಅದು ಮ್ಯಾಲಿಂದು. ಅದರ ಕೆಳಗ?"

"ಕೆಳಗೂ ಡೀಸೆಲ್ಲ."

ಅತ್ತಿ ನನ್ನ ಕಡೆ ನೋಡಿದ ನೋಟದಲ್ಲಿ ನಮ್ಮ ಇಡೀ ಮನೆತನದ ಬಗ್ಗೆ ಬೇಸರವಿತ್ತು. ಎದುರಿಗೆ ಗ್ಯಾರೇಜಿನ ಮಾಲೀಕ ಹುಚ್ಚೀರಪ್ಪ ಎದೆಯ ಮೇಲೆ ಕೈ ಕಟ್ಟಿಕೊಂಡು ನಗುತ್ತಿದ್ದ. ನಗಲು ಅವನಿಗೆ ಕಾರಣವಿತ್ತು. ಈ ಅರಿವೆ ಸಿಕ್ಕ ದಿನದಿಂದ ಅದನ್ನು ರಸ್ತೆಗೆ ಕಾಣುವ ಹಾಗೆ ಗೋಡೆಯ ಮೊಳೆಗೆ ತೂಗುಹಾಕಿ, ಬಂದ ಗಿರಾಕಿಗಳಿಗೆಲ್ಲ ಬೆಟಗೇರಿಯವರ ಕೆಲಸ ನೋಡಿರಿ ಎಂದು ತೋರಿಸುತ್ತಿದ್ದ.

ಸಂಗತಿ ಇಷ್ಟು. ಬೆಟಗೇರಿಯ ಮೆಕ್ಯಾನಿಕ್ ರಫೀಕ, ತನಗೆ ಹೆಣ್ಣು ಕೊಡಲಿದ್ದ ಮುಂಡರಗಿಯ ಮೆಣಸಿನಕಾಯಿ ವ್ಯಾಪಾರಿ ಕರೀಮಸಾಬರ ಹಳೆಯ ಡೀಸೆಲ್ ಗಾಡಿಯ ಮ್ಯಾನಿಫೋಲ್ಡ್ ಬಿಚ್ಚಿ ತೊಳೆದುಕೊಟ್ಟಿದ್ದ. ಕೆಲವು ವಾರಗಳ ಮೇಲೆ, ಮೊನ್ನೆ ಸೋಮವಾರ, ಲಗ್ನದ ದಿನ ಗೊತ್ತು ಮಾಡಲು ಹಿರಿಯರನ್ನು ತುಂಬಿಕೊಂಡು ಹುಡುಗಿಯ ಸೋದರಮಾವನಾದ ಲಕ್ಷ್ಮೇಶ್ವರದ ಮಾಮುವಿನ ಮನೆಗೆ ಹೊರಟಿದ್ದ ಆ ಗಾಡಿ ಶಿರಹಟ್ಟಿಯ ಹತ್ತಿರ ಏರಿನಲ್ಲಿ ಕರಿಹೊಗೆ ಕಾರಿ ನಿಂತುಬಿಟ್ಟಿತು. ಬಿಳಿ ಶೇರವಾನಿ ಹಾಕಿದ ಹಿರಿಯರು ಇಳಿದು ದಬ್ಬಿದರು. ಹೊಗೆ ಅವರ ಮೇಲೇ ಬಂತು. ಆಗ ಅಲ್ಲಿಗೆ ಬಂದ ಹುಚ್ಚೀರಪ್ಪ ಬಾನೆಟ್ ಎತ್ತಿ, ಪೈಪು ಬಿಚ್ಚಿ, ಎಲ್ಲರ ಎದುರಿಗೆ ಮ್ಯಾನಿಫೋಲ್ಡಿನ ಬಾಯಿಂದ ಈ ಅರಿವೆ ಎಳೆದ.

ಎಂಜಿನ್ನಿನಲ್ಲಿ ಅರಿವೆ ಮರೆಯುವವನು ನಾಳೆ ನನ್ನ ಮಗಳನ್ನು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮರೆತು ಬರುತ್ತಾನೆ ಎಂದು ಕರೀಮಸಾಬರು ಆ ರಸ್ತೆಯಲ್ಲೇ ಸಾರಿದರು. ಶುಕ್ರವಾರದ ನಮಾಜು ಮುಗಿಯುವುದರೊಳಗೆ ಬೇರೆ ಏನೂ ತಿಳಿಯದಿದ್ದರೆ ಸಂಬಂಧ ಮುರಿಯುವುದು ಖಾತ್ರಿ. ಇತ್ತ ಬೆಟಗೇರಿಯಲ್ಲಿ ಆಟೋದವರು ಹುಡುಗನಿಗೆ ಅರಿವಿ ರಫೀಕ ಎಂದು ಹೆಸರಿಟ್ಟಾಗಿತ್ತು. ಗಿರಾಕಿಗಳು ಅರ್ಧ ಬಿಚ್ಚಿದ ಗಾಡಿಗಳನ್ನೂ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದರು. ಹೆಣ್ಣೂ ಹೋಗುತ್ತದೆ, ಗ್ಯಾರೇಜೂ ಮುಚ್ಚುತ್ತದೆ.

ಅತ್ತಿ ಈ ಕೆಲಸಕ್ಕೆ ಪುಕ್ಕಟೆ ಇಳಿದದ್ದಕ್ಕೆ ಬೇರೆ ಕಾರಣವಿತ್ತು. ನಮ್ಮ ಕಚೇರಿಯ ಮುಖ್ಯ ಕಸುಬು ಲಗ್ನಕ್ಕೆ ಮೊದಲು ವರ ಹೇಗಿದ್ದಾನೆಂದು ವಿಚಾರಿಸಿ ಹೇಳುವುದು. ರಫೀಕನನ್ನು ವಿಚಾರಿಸಲು ಕರೀಮಸಾಬರು ಹಿಡಿದದ್ದೂ ಅತ್ತಿಯನ್ನೇ. ಹುಡುಗ ಚೊಕ್ಕ, ಮರೆಗುಳಿಯಲ್ಲ ಎಂದು ಅವಳು ಖಾತ್ರಿ ಕೊಟ್ಟಿದ್ದಳು. ಆ ಮರೆಗುಳಿಯಲ್ಲ ಎಂಬ ಮಾತು ಈಗ ಮೊಳೆಗೆ ತೂಗುತ್ತಿತ್ತು.

"ಹುಚ್ಚೀರಪ್ಪ," ಅತ್ತಿ ಕೇಳಿದಳು, "ಇದನ್ನ ತಗದಾಗ ಹೆಂಗಿತ್ತೋ ಹಂಗಽ ಐತೇನು? ತೊಳದಿಲ್ಲಲಾ?"

"ಸಾಕ್ಷಿ ಅದು. ಯಾಕ ತೊಳೀಲಿ?"

"ಛಲೋ ಆತು. ಗ್ಯಾರೇಜಿನವರು ಅರಿವಿ ಹೆಂಗ ತುಂಬತೀರಿ, ಒಮ್ಮೆ ತೋರಸು."

ಹುಚ್ಚೀರಪ್ಪ ಹಿಂದು ಮುಂದು ನೋಡಲಿಲ್ಲ. ಕೆಳಗೆ ಬಿದ್ದಿದ್ದ ವೇಸ್ಟ್ ಬಟ್ಟೆಯೊಂದನ್ನು ಎತ್ತಿ, ಅಂಗೈಯಲ್ಲಿ ಮುದ್ದೆ ಮಾಡಿ, ಅಲ್ಲೇ ಇದ್ದ ಪೈಪಿನ ಬಾಯಿಗೆ ಹೆಬ್ಬೆರಳಿನಿಂದ ಗಿಡಿದ. ಮ್ಯಾನಿಫೋಲ್ಡ್ ಕಳಚಿದಾಗ ಎಂಜಿನ್ನಿನಲ್ಲಿ ತೆರೆದುಕೊಳ್ಳುವ ತೂತುಗಳಿಗೆ ಎಲ್ಲ ಮೆಕ್ಯಾನಿಕ್‌ಗಳೂ ಹೀಗೆಯೇ ಬಟ್ಟೆ ತುಂಬುತ್ತಾರೆ. ಇಲ್ಲದಿದ್ದರೆ ಒಂದು ನಟ್ಟೋ ಒಂದು ಹಳ್ಳೋ ಒಳಗೆ ಬಿದ್ದು ಎಂಜಿನ್ ಮಣ್ಣುಗೂಡುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆ ತೆಗೆಯಲು ಮರೆಯುವ ಮಹಾನುಭಾವರೂ ಇದ್ದಾರೆ. ಕರೀಮಸಾಬರು ನಂಬಿದ್ದು ಅದನ್ನೇ.

ಅತ್ತಿ ನಮ್ಮ ಅರಿವೆಯನ್ನು ಬೆಂಚಿನ ಮೇಲಿಟ್ಟು ನಿಧಾನಕ್ಕೆ ಬಿಚ್ಚಿದಳು. ಅದು ಮುದ್ದೆಯಾಗಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಆಮೇಲೆ ಸುರುಳಿ ಸುತ್ತಿದ ಗುರುತು ಹಾಗೆಯೇ ಇತ್ತು. ಹೊರಮೈ ಕರ್ರಗೆ ಜಿಡ್ಡಾಗಿತ್ತು. ಒಳಗಿನ ಮಡಿಕೆ ಮಾತ್ರ ಮನೆಯಲ್ಲಿ ಒಗೆದ ಬಿಳಿ ಬಟ್ಟೆಯ ಬಣ್ಣದಲ್ಲೇ ಇತ್ತು.

"ನೀ ಪೈಪ್ ಬಿಚ್ಚಿದಾಗ ಮ್ಯಾನಿಫೋಲ್ಡಿನ ಬಾಯಿಗೆ ಬೆರಳು ಹಚ್ಚಿದ್ದೇನು?"

"ಹಚ್ಚಿದ್ದೆ. ತೆಳ್ಳಗ ಕರಿ ಜಿಡ್ಡು ಇತ್ತು."

"ದಪ್ಪಗ ಇರಲಿಲ್ಲ?"

"ಇಲ್ಲ. ತೊಳದಿದ್ದು ಖರೆ. ಅದಕ್ಕ ನಾ ಸುಳ್ಳ ಹೇಳಾಂಗಿಲ್ಲ."

ಇಲ್ಲಿ ನಾನು ಓದುಗರಿಗೆ ಎಂಜಿನ್ನಿನ ಪಾಠ ಸ್ವಲ್ಪ ಹೇಳಬೇಕು. ರಫೀಕ ನನಗೆ ಹೇಳಿದ್ದನ್ನೇ ಹೇಳುತ್ತೇನೆ, ತಪ್ಪಿದ್ದರೆ ಅವನನ್ನು ಬೈಯಿರಿ. ಮ್ಯಾನಿಫೋಲ್ಡ್ ಎಂದರೆ ಎಂಜಿನ್ನಿನ ಮೂಗು. ಹೊರಗಿನ ಗಾಳಿ ಒಂದು ಬಾಯಿಂದ ಹೊಕ್ಕು ಕವಲೊಡೆದು ಸಿಲಿಂಡರುಗಳಿಗೆ ಹೋಗುವ ದಾರಿ. ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿ ಅದೇ ಮೂಗಿಗೆ ಬಿಡುವ ವ್ಯವಸ್ಥೆ ಈ ಗಾಡಿಯಲ್ಲಿದೆ. ಹೊಗೆಯ ಮಸಿ ಮತ್ತು ಆಯಿಲಿನ ಆವಿ ಕೂಡಿ ಅಲ್ಲಿ ಡಾಂಬರಿನಂಥ ಜಿಡ್ಡು ಕಟ್ಟುತ್ತದೆ. ವರ್ಷಗಟ್ಟಲೆ ಬಿಟ್ಟರೆ ಹೆಬ್ಬೆರಳು ಹೋಗುವ ದಾರಿಯಲ್ಲಿ ಕಿರುಬೆರಳೂ ಹೋಗುವುದಿಲ್ಲ.

ಕರೀಮಸಾಬರ ಗಾಡಿಗಂತೂ ಈ ರೋಗ ಬೇಗ ಬಂದಿತ್ತು. ಡೀಸೆಲ್ ಉಳಿಸಬೇಕೆಂದು ಅವರು ಡ್ರೈವರ್ ದ್ಯಾಮಪ್ಪನಿಗೆ ಸ್ಪೀಡಿನ ಮುಳ್ಳು ನಲವತ್ತು ದಾಟಬಾರದು, ಗೇರು ಮಾತ್ರ ಟಾಪಿನಲ್ಲೇ ಇರಬೇಕು ಎಂದು ಕಟ್ಟಪ್ಪಣೆ ಮಾಡಿದ್ದರು. ಹಿಂದೆ ಬರುವ ಎತ್ತಿನ ಗಾಡಿಗಳು ಹಾರ್ನ್ ಇಲ್ಲದ್ದಕ್ಕೆ ಸುಮ್ಮನಿರುತ್ತಿದ್ದವು. ವಾರಕ್ಕೊಮ್ಮೆಯಾದರೂ ಗದಗ ರೋಡಿನಲ್ಲಿ ಜೋರು ಓಡಿಸಿದರೆ ಮಸಿ ಸುಟ್ಟು ಹೋಗುತ್ತದೆ ಎಂದು ರಫೀಕ ಹೇಳಿದ್ದಕ್ಕೆ, ಇನ್ನೂ ಅಳಿಯನಾಗಿಲ್ಲ, ಆಗಲೇ ನನ್ನ ಡೀಸೆಲ್ ಸುಡಲು ನಿಂತ ಎಂದು ಅವರು ವಾರವಿಡೀ ಗೊಣಗಿದ್ದರು.

"ಹಂಗಾದ್ರ ಲೆಕ್ಕ ನೋಡು," ಅತ್ತಿ ಹುಚ್ಚೀರಪ್ಪನಿಗೆ ಅಂದಳು. "ತೊಳದ ಲೋಹಕ್ಕ ಜಿಡ್ಡು ಹತ್ತೈತಿ. ಅದಽ ಬಾಯಾಗ ಅಷ್ಟೂ ವಾರ ಬಿದ್ದಿತ್ತಂತ ನೀ ಹೇಳೋ ಅರಿವಿ ಒಳಗ ಬೆಳ್ಳಗ ಉಳಿದೈತಿ. ಹೆಂಗ?"

ಹುಚ್ಚೀರಪ್ಪ ಕಟ್ಟಿದ ಕೈ ಬಿಚ್ಚಿದ. ಅರಿವೆ ನೋಡಿದ, ಮೊಳೆ ನೋಡಿದ. ಆಮೇಲೆ ತಾನು ಕಂಡದ್ದನ್ನಷ್ಟೇ ಹೇಳಿದ್ದು, ಯಾರ ಹೆಸರೂ ತೆಗೆದಿಲ್ಲ ಎಂದು ಮಾತು ಹಿಂದಕ್ಕೆಳೆದುಕೊಂಡ. ಅರಿವೆ ತಿರುಗಿ ಕೊಡುತ್ತೀರಾ, ಗಿರಾಕಿಗಳು ಕೇಳುತ್ತಾರೆ ಎಂದೂ ಸಣ್ಣಗೆ ಕೇಳಿದ. ಅತ್ತಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಗಲಲ್ಲಿಟ್ಟುಕೊಂಡು ಹೊರಗೆ ನಡೆದಳು.

"ಗಾಡಿ ನಿಲ್ಲೂಕಿಂತ ಒಂದ ದಿನ ಮೊದಲ ಇಟ್ಟಾರ," ಎಂದಳು ನನಗೆ. "ರೊಟ್ಟಿ ವಾಸನಿ ಐತಿ ಅದರಾಗ. ಬಿಸಿ ರೊಟ್ಟಿ ಸುತ್ತಿಡೋ ಅರಿವಿ. ಗ್ಯಾರೇಜಿಂದಲ್ಲ, ಅಡಗಿಮನಿದು."

ನಾನು ಮತ್ತೊಮ್ಮೆ ಮೂಸಲು ಹೋಗಲಿಲ್ಲ.

ರಫೀಕ ರಸ್ತೆಯ ಆಚೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹುಚ್ಚೀರಪ್ಪನ ಗ್ಯಾರೇಜಿನೊಳಗೆ ಕಾಲಿಡಲು ಅವನಿಗೆ ಮುಖವಿರಲಿಲ್ಲ. ಗಾಡಿ ಅವನದಲ್ಲ. ಬಿಟ್ಟು ಹೋಗದೆ ಉಳಿದಿದ್ದ ಒಬ್ಬನೇ ಗಿರಾಕಿಯದು. ಬ್ರೇಕ್ ರಿಪೇರಿಗೆ ಬಂದದ್ದನ್ನು ಟ್ರಯಲ್ ನೋಡುವ ನೆಪದಲ್ಲಿ ನಮ್ಮ ಜೊತೆ ಜಿಲ್ಲೆ ಸುತ್ತಿಸುತ್ತಿದ್ದ. ಬ್ರೇಕ್ ಸರಿಯಾಗಿದೆಯೋ ಇಲ್ಲವೋ ಎಂದು ನಾನು ಕೇಳಿದರೆ, ಅದನ್ನೇ ನೋಡುತ್ತಿದ್ದೇನೆ ಅಣ್ಣಾ ಎಂದ.

ಹಿಂದಿನ ಸೀಟಿನಲ್ಲಿ ಅವನ ತಾಯಿ ದಿಲಶಾದಬಿ ಕೂತಿದ್ದರು. ಬೆಟಗೇರಿಯ ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ಮಗನನ್ನು ಬೆಳೆಸಿದ ಹೆಂಗಸು. ಮಗನ ಗ್ಯಾರೇಜಿಗೂ ಅವರದೊಂದು ಕೈಚಳಕ ಸೇರಿತ್ತು. ಬಟ್ಟೆಯ ಬಿರಡೆಗಳನ್ನು ಮಗ್ಗದ ಗಟ್ಟಿ ದಾರಕ್ಕೆ ಸಾಲಾಗಿ ಹೊಲಿದು ಕೊಟ್ಟಿದ್ದರು. ರಫೀಕ ಆ ಸರವನ್ನು ತೂತುಗಳಿಗೆ ತುಂಬಿ, ದಾರದ ತುದಿಯನ್ನು ಬಾನೆಟ್ಟಿನ ಕೊಂಡಿಗೆ ಕಟ್ಟುತ್ತಿದ್ದ. ಸರ ತೆಗೆಯದೆ ಬಾನೆಟ್ ಮುಚ್ಚುವುದೇ ಇಲ್ಲ. ಅತ್ತಿ ಅವನನ್ನು ವಿಚಾರಿಸಲು ಹೋದಾಗ ಮೆಚ್ಚಿದ್ದು ಇದನ್ನೇ.

ಕರೀಮಸಾಬರ ಗಾಡಿ ತೊಳೆದದ್ದು ಎಲ್ಲಿ ಎಂದು ಅತ್ತಿ ದಾರಿಯಲ್ಲಿ ಕೇಳಿದಳು. ಮುಂಡರಗಿಯಲ್ಲೇ, ಅವರ ಅಂಗಳದಲ್ಲೇ ಎಂದ. ಡೀಸೆಲ್ಲಿನಲ್ಲಿ ನೆನೆಹಾಕಿ, ಕಟ್ಟಿಗೆಯ ಚೂರಿನಿಂದ ಕೆರೆದು, ಬಿಸಿಲಿಗೆ ಒಣಗಿಸಿ ಹಾಕುವ ಕೆಲಸ, ಮಧ್ಯಾಹ್ನಕ್ಕೆ ಮುಗಿಯಬೇಕು. ಆವತ್ತು ಸಂಜೆಯಾಯಿತು.

"ಯಾಕ?"

ರಫೀಕನ ಕಿವಿ ಕೆಂಪಾದವು. ಕಿಟಕಿಯಲ್ಲಿ ಕರೀಮಸಾಬರ ಮಗಳು ಅಮೀರಾ ನಿಂತಿದ್ದಳಂತೆ. ಆ ಪೈಪು ಯಾವುದು, ಈ ಕ್ಲಿಪ್ಪು ಯಾತಕ್ಕೆ ಎಂದು ಕೇಳುತ್ತಿದ್ದಳಂತೆ. ಇವನು ಬಿಚ್ಚಿದ್ದನ್ನೇ ಮತ್ತೆ ಜೋಡಿಸಿ ಮತ್ತೆ ಬಿಚ್ಚಿ ತೋರಿಸಿದನಂತೆ. ನನಗೆ ನಗು ಬಂತು. ಇಂಥ ಹುಡುಗನ ಲಗ್ನ ಒಂದು ಚಿಂದಿಗಾಗಿ ಮುರಿಯಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ದಿಲಶಾದಬಿ ಮಾತ್ರ ದಾರಿಯುದ್ದಕ್ಕೂ ಹೊಲ ನೋಡುತ್ತ ಕೂತಿದ್ದರು.

ಮುಂಡರಗಿ ಮುಟ್ಟಿದಾಗ ಕರೀಮಸಾಬರು ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು. ಮುರಿಯಲಿರುವ ಸಂಬಂಧವೆಂದು ಮುಖ ಗಂಟು ಹಾಕಿದರೂ ಮನೆಗೆ ಬಂದವರಿಗೆ ಉಪಚಾರ ತಪ್ಪಿಸುವ ಮನುಷ್ಯರಲ್ಲ. ಒಗ್ಗರಣೆ ಹಾಕಿದ ಚುರುಮುರಿಯ ಸುಸಲಾ ಬಂತು, ಬಿಸಿ ಮಿರ್ಚಿ ಬಂತು. ಇಲ್ಲಿ ನನ್ನ ಪಾಡು ಕೇಳಬೇಡಿ. ಪತ್ತೆಯಾಗುವ ತನಕ ಆರೋಪಿಗಳ ಮನೆಯಲ್ಲಿ ಹನಿ ನೀರೂ ಮುಟ್ಟಬಾರದೆಂಬುದು ಅತ್ತಿಯ ಪೊಲೀಸ್ ಕಾಲದ ನೇಮ, ಅದು ಸಿಬ್ಬಂದಿಗೂ ಲಾಗೂ. ಮಿರ್ಚಿಯ ತಟ್ಟೆ ನನ್ನ ಕಣ್ಣೆದುರೇ ತಣ್ಣಗಾಯಿತು.

ಅತ್ತಿ ಅರಿವೆ ಹರವಿ ಮಡಿಕೆ ತೋರಿಸಿದಳು, ಒಳಗಿನ ಬಿಳುಪು ತೋರಿಸಿದಳು, ಹುಚ್ಚೀರಪ್ಪ ಒಪ್ಪಿಕೊಂಡದ್ದನ್ನು ಹೇಳಿದಳು. ಗಾಡಿ ಮುಂಡರಗಿಯಿಂದ ಶಿರಹಟ್ಟಿಯ ತನಕ ಓಡಿದ್ದು ಹೇಗೆಂದು ರಫೀಕ ವಿವರಿಸಿದ. ಪೈಪಿನಲ್ಲಿಟ್ಟ ಅರಿವೆಯ ಸಂದಿಯಿಂದ ಬರುವ ಗಾಳಿ ನಲವತ್ತರ ಓಟಕ್ಕೆ ಸಾಕು. ಏರು ಬಂದಾಗ ಎಂಜಿನ್ ಜೋರಾಗಿ ಉಸಿರೆಳೆಯಿತು, ಅರಿವೆ ಜಗ್ಗಿಕೊಂಡು ಹೋಗಿ ಮ್ಯಾನಿಫೋಲ್ಡಿನ ಬಾಯಿಗೆ ಕೂತಿತು.

ಕರೀಮಸಾಬರು ಗಡ್ಡ ನೀವಿಕೊಂಡರು. ಬುದ್ಧಿವಂತರು, ತಟ್ಟನೆ ತಿಳಿಯಿತು.

"ಅಂದ್ರ ನಮ್ಮ ಮನ್ಯಾಗಿನವರಽ ಇಟ್ಟಾರಂತೀರಿ?"

"ಹೌದ್ರಿ."

"ನೀಲಗಂಗವ್ವಾರ, ನೀವು ನನ್ನ ಮನಿ ಪಡಸಾಲ್ಯಾಗ ಕುಂತ ಈ ಮಾತ ಆಡಾಕ ಹತ್ತೀರಿ."

"ಪಡಸಾಲಿ ನಿಮ್ದು, ಅರಿವೀನೂ ನಿಮ್ದು. ಎಲ್ಲಾರೂ ಒಮ್ಮೆ ಕೈ ತೋರಸ್ರಿ. ಆ ಜಿಡ್ಡು ಉಗರಿನ ಸಂದ್ಯಾಗ ಹೊಕ್ಕರ ಸಾಬೂನಿಗೆ ಬಗ್ಗಾಂಗಿಲ್ಲ. ವಾರಗಟ್ಲೆ ಇರತೈತಿ."

ಸಾಕ್ಷಿಗೆ ರಫೀಕನ ಕೈ ಇದ್ದೇ ಇತ್ತು. ಅವನ ಉಗುರುಗಳು ಹುಟ್ಟಿದಾಗಿನಿಂದ ಕರ್ರಗಿದ್ದಿರಬೇಕು.

ಕರೀಮಸಾಬರಿಗೆ ಸಿಟ್ಟು ನೆತ್ತಿಗೇರಿತು, ಆದರೆ ತಮ್ಮದೇ ಅಂಗೈ ಮೊದಲು ಚಾಚಿದರು. ಮೆಣಸಿನಕಾಯಿ ಚೀಲದಲ್ಲಿ ಆಡಿದ ಕೈ, ಕೆಂಪು ಹುಡಿ ಗೆರೆಗಳಲ್ಲೆಲ್ಲ ಕೂತಿತ್ತು. ಅವರು ಮುಟ್ಟಿದ ಅರಿವೆಯಾಗಿದ್ದರೆ ಅದನ್ನು ಮೂಸಿದ ಅತ್ತಿ ಇನ್ನೂ ಸೀನುತ್ತಿರಬೇಕಿತ್ತು.

ಆಮೇಲೆ ಅಂಗಳದಿಂದ ದ್ಯಾಮಪ್ಪನನ್ನು ಕರೆದರು. ನನ್ನ ಸಂಶಯವೆಲ್ಲ ಅವನ ಮೇಲಿತ್ತು. ಜೋರು ಓಡಿಸಬೇಕೆಂದು ರಫೀಕ ಹೇಳಿದ್ದರಿಂದ ತನ್ನ ಚಾಲನೆಯಲ್ಲೇ ಕೊಂಕು ತೆಗೆದ ಎಂದು ಅವನೂ ಕಿಡಿಯಾಗಿದ್ದ. ಆದರೆ ಅವನ ಕೈ ನೋಡಿ ನನಗೆ ನಾಚಿಕೆಯಾಯಿತು. ಉಗುರು ಒಪ್ಪವಾಗಿ ಕತ್ತರಿಸಿ, ಅಂಗೈಗೆ ಪೌಡರು ಹಾಕಿಕೊಂಡಿದ್ದ. ಬಾನೆಟ್ ಎತ್ತುವುದು ಹೇಗೆಂದೇ ತನಗೆ ಗೊತ್ತಿಲ್ಲ, ತಾನು ಡ್ರೈವರ್, ಮೆಕ್ಯಾನಿಕ್ ಅಲ್ಲ ಎಂದು ಎದೆಯುಬ್ಬಿಸಿ ಹೇಳಿದ. ಇಷ್ಟು ವರ್ಷ ಆಯಿಲ್ ಯಾರು ನೋಡುತ್ತಿದ್ದರು ಎಂದು ಕರೀಮಸಾಬರು ಗಾಬರಿಯಿಂದ ಕೇಳಿದಾಗ ಅಂಗೈಯ ಪೌಡರನ್ನು ಪ್ಯಾಂಟಿಗೆ ಒರೆಸಿಕೊಂಡ.

ಅಷ್ಟರಲ್ಲಿ ಒಳಗಿನಿಂದ ಅಮೀರಾ ಚಹಾ ತಂದಳು.

ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ತಟ್ಟೆ. ಯಾರನ್ನೂ ನೋಡದೆ ಮೊದಲು ದಿಲಶಾದಬಿಯವರಿಗೆ ಕೊಟ್ಟಳು, ಆಮೇಲೆ ನಮ್ಮ ಕಡೆ ಬಂದಳು. ಅತ್ತಿ ಚಹಾ ತೆಗೆದುಕೊಳ್ಳಲಿಲ್ಲ. ತಟ್ಟೆ ಹಿಡಿದ ಕೈ ನೋಡುತ್ತಿದ್ದಳು.

ಕೈ ತುಂಬ ಮೆಹಂದಿ. ಅಂಗೈಯಲ್ಲಿ ಹೂಬಳ್ಳಿ ಬಿಡಿಸುವ ಈಗಿನ ಹುಡುಗಿಯರ ಮೆಹಂದಿಯಲ್ಲ. ಹಿಂದಿನ ಕಾಲದ ಮುದುಕಿಯರು ಹಚ್ಚಿಕೊಳ್ಳುತ್ತಿದ್ದ ಹಾಗೆ ಹತ್ತೂ ಬೆರಳ ತುದಿಗೆ ಟೋಪಿ ಹಾಕಿದಂತೆ ದಟ್ಟಗೆ, ಉಗುರೂ ಮುಚ್ಚುವಂತೆ. ಬಣ್ಣ ಕೆಂಪು ದಾಟಿ ಕಪ್ಪಿಗೆ ತಿರುಗಿತ್ತು.

"ಛಂದ ಹಚ್ಚೀದಿ ಬೇಟಿ," ಅತ್ತಿ ಮೆಲ್ಲಗೆ ಅಂದಳು. "ಯಾವಾಗ ಹಚ್ಚಿದ್ದು?"

"ಸೋಮವಾರ ಸಂಜಿಕೆ."

ಸೋಮವಾರ. ಗಾಡಿ ನಿಂತ ದಿನ, ಅಪ್ಪ ಹೊಗೆ ಬಡಿದ ಮುಖದಿಂದ ಮನೆಗೆ ಬಂದು ಲಗ್ನ ಇಲ್ಲ ಎಂದು ಕೂಗಾಡಿದ ದಿನ. ಹೆಣ್ಣುಮಕ್ಕಳು ಮೆಹಂದಿ ಹಚ್ಚಿಕೊಳ್ಳುವುದು ಈದಿಗೆ, ಲಗ್ನಕ್ಕೆ, ಸಂತೋಷಕ್ಕೆ. ಲಗ್ನ ಮುರಿಯುವ ಸಂಜೆ ಬಟ್ಟಲು ಮೆಹಂದಿ ಕಲಸಿ ಉಗುರಿಗೆ ಯಾರೂ ಹಚ್ಚಿಕೊಳ್ಳುವುದಿಲ್ಲ, ಉಗುರಿನಲ್ಲಿ ಮುಚ್ಚುವಂಥದ್ದು ಏನಾದರೂ ಇದ್ದರೆ ಮಾತ್ರ.

ಇದು ನನಗೂ ಹೊಳೆಯಿತೆಂದರೆ ಎಷ್ಟು ಸ್ಪಷ್ಟವಾಗಿತ್ತು ಎಂದು ನೀವೇ ತಿಳಿಯಿರಿ. ನಾನು ರಫೀಕನ ಕಡೆ ನೋಡಿದೆ. ಅವನೂ ಆ ಬೆರಳುಗಳನ್ನೇ ನೋಡುತ್ತಿದ್ದ. ಎಂಜಿನ್ ಮಸಿ ಮುಚ್ಚಲು ಏನೇನು ಮಾಡಬೇಕಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಪಡಸಾಲೆಯಲ್ಲಿ ಇರಲಿಲ್ಲ. ತನಗೆ ಬಿದ್ದ ಕೆಟ್ಟ ಹೆಸರು ಎಲ್ಲಿಂದ ಬಂತೆಂದು ಅವನಿಗೆ ತಿಳಿಯಿತು, ತಿಳಿದದ್ದು ಅದಕ್ಕಿಂತ ಕೆಟ್ಟದಾಗಿತ್ತು.

ಅತ್ತಿ ಬಾಯಿ ತೆರೆದಳು. ಅವಳ ಮುಖದಲ್ಲಿ ಪತ್ತೆ ಹಚ್ಚಿದಾಗ ಬರುವ ಕಳೆ ಬಂದಿತ್ತು. ಆ ಕಳೆ ಬಂದಾಗ ಅವಳನ್ನು ಯಾರೂ ತಡೆಯಲಾರರು.

ರಫೀಕ ತಡೆದ. ಎದ್ದು ನಿಂತ.

"ಅವ್ವಾರ, ಸಾಕು ಮಾಡ್ರಿ. ಅರಿವಿ ನಂದಽ. ನಾನಽ ಮರತಿದ್ದೆ."

ಅತ್ತಿಯ ಬಾಯಿ ತೆರೆದೇ ಉಳಿಯಿತು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವಳು ತಪ್ಪು ಮಾಡಿದವರು ಇಲ್ಲ ಅಂದದ್ದನ್ನು ಕೇಳಿದ್ದಳು. ಅವಳ ಕೈಯಿಂದಲೇ ನಿರ್ದೋಷಿಯೆಂದು ಸಾಬೀತಾದ ಮನುಷ್ಯ ಎದ್ದು ನಿಂತು ಹೌದು ಅನ್ನುವುದನ್ನು ಕೇಳಿರಲಿಲ್ಲ.

"ಏನಂದಿ?" ಎಂದರು ಕರೀಮಸಾಬರು.

"ಬಿರಡೆ ಸರ ಹರಿದಿತ್ರಿ. ಸಡ್ಲ ಅರಿವಿ ಇಟ್ಟಿದ್ದೆ, ತಗಿಲಿಕ್ಕೆ ಮರತೆ. ನಿಮ್ಮ ಮನಿಯವರದು ಯಾರದೂ ತಪ್ಪಿಲ್ಲ. ನನ್ನ ಗ್ಯಾರೇಜ್ ಹೆಸರು ಉಳಸಾಕ ಅವ್ವಾರನ ಕರಕೊಂಡ ಬಂದೆ. ಮಾಫ್ ಮಾಡ್ರಿ."

ಎಷ್ಟು ಕೆಟ್ಟದಾಗಿ ಸುಳ್ಳು ಹೇಳಿದನೆಂದರೆ ಮನೆಯ ಬೆಕ್ಕೂ ನಂಬುತ್ತಿರಲಿಲ್ಲ. ಆದರೆ ಕರೀಮಸಾಬರಿಗೆ ನಂಬುವುದು ಬೇಕಾಗಿತ್ತು. ಮನೆಯ ಮರ್ಯಾದೆ ಉಳಿಯಿತಲ್ಲ. ಅತ್ತಿಯ ಕಡೆ ತಿರುಗಿ, ನೀವೇ ಹೇಳಿರಿ, ಇವನು ಹೇಳುವುದು ಖರೆಯೋ ಸುಳ್ಳೋ ಎಂದು ಕೇಳಿದರು.

ಅತ್ತಿ ಸುಳ್ಳು ಅಂದರೆ ಹುಡುಗಿ ಎಲ್ಲರೆದುರು ಬಯಲಾಗುತ್ತಾಳೆ. ಖರೆ ಅಂದರೆ ನಾಳೆಯಿಂದ ಬೆಟಗೇರಿಯಲ್ಲಿ ಈ ಹುಡುಗನ ಕೈಗೆ ಯಾರೂ ಸೈಕಲ್ ಪಂಕ್ಚರನ್ನೂ ಕೊಡುವುದಿಲ್ಲ. ಅತ್ತಿ ಮಾತು ಸಿಗದೆ ಕೂತದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ನನಗೆ ಅವಳ ಮೇಲೆ ಕನಿಕರ ಬಂತು, ರಫೀಕನ ಮೇಲೆ ಸಿಟ್ಟು ಬಂತು, ಆ ಹುಡುಗಿಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಕರೀಮಸಾಬರು ಕಾಯಲಿಲ್ಲ. ಮೊಬೈಲ್ ತೆಗೆದು ಲಕ್ಷ್ಮೇಶ್ವರದ ಮಾಮುವಿಗೆ ಹಚ್ಚಿದರು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದರು. ಆಚೆಯಿಂದ ಮಾಮುವಿನ ದಪ್ಪ ದನಿ ಬಂತು. ಸಂಬಂಧ ಮುಗಿಯಿತು, ಹುಡುಗ ತಾನೇ ಒಪ್ಪಿಕೊಂಡ ಎಂದು ಇವರು ಶುರು ಮಾಡಿದರು.

ಅಮೀರಾ ಚಹಾದ ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟಳು. ಹೋಗಿ ಅಪ್ಪನ ಕೈಯಿಂದ ಮೊಬೈಲ್ ತೆಗೆದುಕೊಂಡಳು.

"ಅಬ್ಬಾಜಾನ್, ಇವರು ಸುಳ್ಳ ಹೇಳಾಕ ಹತ್ಯಾರ. ಅರಿವಿ ಇಟ್ಟಾಕಿ ನಾನು."

ಆಚೆಯಿಂದ ಮಾಮು ಹಲೋ ಹಲೋ ಅನ್ನುತ್ತಿದ್ದರು.

"ಪೈಪಿನ ಕ್ಲಿಪ್ ಸಡಲ ಮಾಡೋದು ಇವರಽ ತೋರಿಸಿದ್ದು," ಅಮೀರಾ ಮುಂದುವರಿಸಿದಳು. "ಗಾಡಿ ಜಗ್ಗಾಂಗಿಲ್ಲ, ಊರು ದಾಟೂಕಿಂತ ಮೊದಲ ತಿರುಗಿ ಮನಿಗೆ ಬರತೈತಿ ಅಂತ ತಿಳದಿದ್ದೆ. ರಸ್ತೇದಾಗ ಬಿಚ್ಚತಾರ, ಇವರ ಹೆಸರು ಕೆಡತೈತಿ ಅಂತ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ಹೇಳಾಕ ಧೈರ್ಯ ಬರಲಿಲ್ಲ. ತಪ್ಪು ನಂದು."

ರಫೀಕ ನೆಲ ನೋಡುತ್ತ ಒಂದೇ ಮಾತು ಕೇಳಿದ.

"ನಾ ಬ್ಯಾಡಾಗಿದ್ದೆನೇನು?"

"ನೀವು ಬ್ಯಾಡಾಗಿದ್ರ ಬಾಯಿಲೆ ಹೇಳತಿದ್ದೆ. ಗಾಡಿ ಯಾಕ ಕೆಡಸಲಿ?"

ಅವನು ತಲೆಯೆತ್ತಿದ. ನನ್ನ ತೊಡೆಯ ಮೇಲೆ ಚಹಾ ಸುಡುತ್ತಿತ್ತು, ಆದರೂ ನಾನು ಅಲುಗಾಡಲಿಲ್ಲ.

"ಅವತ್ತ ಮಾಮು ಮನ್ಯಾಗ ಬರೇ ಲಗ್ನದ ದಿನ ಇಡಾಕ ಹೊಂಟಿರಲಿಲ್ಲ," ಎಂದಳು. "ಲಗ್ನ ಆದ ಮರುದಿನಽ ಬೆಟಗೇರಿ ಗ್ಯಾರೇಜಿಗೆ ಕೀಲಿ. ನೀವು ಮನಿ ಅಳಿಯ ಆಗಿ ಬಂದು ಇಲ್ಲೇ ಮೆಣಸಿನಕಾಯಿ ಅಂಗಡ್ಯಾಗ ಕುಂಡ್ರಬೇಕು. ಹಿರ್ಯಾರ ಮುಂದ ಕೈ ಮ್ಯಾಲ ಕೈ ಹಾಕಿ ಮಾತು ಗಟ್ಟಿ ಮಾಡಾಕ ಹೊಂಟಿದ್ರು. ಒಮ್ಮೆ ಅಲ್ಲಿ ಮಾತು ಕೊಟ್ಟರ ನಮ್ಮೊಳಗ ಯಾರೂ ಹಿಂದಕ್ಕ ತಗೊಳ್ಳಾಂಗಿಲ್ಲ. ನಿಮಗೊಬ್ಬರಿಗೆ ಬಿಟ್ಟು ಎಲ್ಲಾರಿಗೂ ಗೊತ್ತಿತ್ತು."

ಗ್ಯಾರೇಜು ಉಳಿಸಲು ಹೋಗಿ ಹುಡುಗಿ ಗ್ಯಾರೇಜಿನ ಹೆಸರನ್ನೇ ಮಸಿ ಮಾಡಿದ್ದಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

"ನನ್ನ ಕೇಳದ ಹೆಂಗ ಗಟ್ಟಿ ಮಾಡತಾರ?" ರಫೀಕನಿಗೆ ಈಗ ದನಿ ಬಂದಿತ್ತು. ಕರೀಮಸಾಬರ ಕಡೆ ತಿರುಗಿದ. "ನಾ ಎಂದ ಒಪ್ಪಿದ್ದೆ ಹೇಳ್ರಿ?"

ಕರೀಮಸಾಬರು ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರು ಸಿಟ್ಟಾಗಲಿಲ್ಲ. ತಪ್ಪು ಮಾಡಿದವರ ಮುಖವೂ ಅದಲ್ಲ.

"ನಿನ್ನ ಕಡಿಂದ ಒಪ್ಪಿಗಿ ಬಂದಿತ್ತಪ್ಪ," ಎಂದರು. "ಬ್ಯಾರೆ ಯಾರರ ಬಂದು ಹೇಳಿದ್ರ ನಾ ನಂಬತಿದ್ದಿಲ್ಲ. ಗ್ಯಾರೇಜ್ ಮುಚ್ಚಸ್ರಿ ಅಂತ ನನ್ನ ಕೈ ಹಿಡದು ಬೇಡಿಕೊಂಡ್ರು. ಕಾರಣ ಮಾತ್ರ ಇವತ್ತಿಗೂ ಹೇಳಿಲ್ಲ."

"ಯಾರು?"

ಕರೀಮಸಾಬರು ರಫೀಕನ ಭುಜದಾಚೆ ನೋಡಿದರು. ಅತ್ತಿ ಅತ್ತ ತಿರುಗಿದಳು, ನಾನೂ ತಿರುಗಿದೆ.

ದಿಲಶಾದಬಿ ಕುಡಿಯದ ಚಹಾವನ್ನು ನೆಲಕ್ಕಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮಗನ ಮುಖ ನೋಡದೆ ಹೊಸ್ತಿಲ ಹೊರಗೆ ತಮ್ಮ ಚಪ್ಪಲಿ ಹುಡುಕುತ್ತಿದ್ದರು.